ಐದನೇ ಸೆಟ್ಟು

ಧೀರಜ್ ದಪ್ಪ ನೋಟುಬುಕ್ಕನ್ನು ಭೀಮಸೇನನ ಶವಪೆಟ್ಟಿಗೆಯೊಳಗೆ ಇಡಲು ಬಗ್ಗಿದ್ದ. ಗಂಡನ ತಲೆಯ ಬಳಿ ನಿಂತಿದ್ದ ಕಮಲಾ ಅವನ ಮೊಣಕೈ ಹಿಡಿದಳು.

"ಬ್ಯಾಡಪ್ಪಾ. ಅದನ್ನ ಈಗ ಇಲ್ಲೇ ಓದೋದದ."

ಆಸ್ಪತ್ರೆಯ ಲ್ಯಾಬಿನಲ್ಲಿ ಭೀಮಸೇನನ ಜೊತೆ ಎಂಟು ವರ್ಷ ದುಡಿದ ಧೀರಜನಿಗೆ ಅವನ ಆ ಬರಹದ ಅರ್ಧ ಭಾಗ ಚಹಾದ ಹೊತ್ತಿನಲ್ಲಿ ಕೇಳಿ ಕೇಳಿಯೇ ಬಾಯಿಪಾಠವಾಗಿತ್ತು. ಪ್ಯಾರಿಸ್ಸಿನ ಕೆಂಪು ಮಣ್ಣಿನಂಗಳದ ಟೆನಿಸ್ ಪಂದ್ಯಾವಳಿಯ ಚರಿತ್ರೆ, ಅದೂ ಕನ್ನಡದಲ್ಲಿ, ಇಪ್ಪತ್ತೆರಡು ವರ್ಷದ ಕೆಲಸ. ಧಾರವಾಡದ ಈ ಮನುಷ್ಯ ಪ್ಯಾರಿಸ್ ಕಂಡವನಲ್ಲ, ರ್‍ಯಾಕೆಟ್ ಹಿಡಿದವನೂ ಅಲ್ಲ. ಇವನಿಗ್ಯಾಕೆ ಊರ ಉಸಾಬರಿ ಎಂದು ಸಮುದ್ರದಾಚೆಯ ಈ ಹಿಲ್ಸ್‌ಬರೋದ ಕನ್ನಡಿಗರೆಲ್ಲ ಕೇಳಿದವರೇ. ಕೇಳಿದ ತಪ್ಪಿಗೆ ಒಂದೊಂದು ಅಧ್ಯಾಯ ಕೇಳಿಸಿಕೊಂಡವರೂ ಅವರೇ.

"ಮೊದಮೊದಲು ಫ್ರಾನ್ಸಿನ ಕ್ಲಬ್ಬಿನವರಿಗಷ್ಟೇ ಆಟವಂತೆ ಆಂಟಿ," ಎಂದ ಧೀರಜ್. "ಹೊರಗಿನವರಿಗೆ ಬಾಗಿಲು ತೆಗೆಯೋಕೆ ಮೂವತ್ನಾಲ್ಕು ವರ್ಷ. 'ನಮಗೆ ಈ ದೇಶದ ರೆಸಿಡೆನ್ಸಿ ಲಗೂನ ಸಿಕ್ತು ಬಿಡು' ಅಂತಿದ್ರು ಅಂಕಲ್."

ಕಮಲಾಳ ಜೊತೆ ಹೃದ್ರೋಗದ ವಾರ್ಡಿನಲ್ಲೇ ನರ್ಸಾಗಿರುವ ಶಾಂತಾ ಬಂದು ಹೆಗಲ ಮೇಲೆ ಕೈಯಿಟ್ಟಳು. "ಪುಣ್ಯವಂತರು ಕಣೇ. ಇಷ್ಟದ ಆಟ ನೋಡ್ತಾ ನೋಡ್ತಾ ಹೋಗ್ಬಿಟ್ರು."

ನಾಲ್ಕು ದಿನದಿಂದ ಎಲ್ಲರದೂ ಇದೇ ಮಾತು. ಕೇಳಿದಾಗೆಲ್ಲ ಕಮಲಾ ಮಾತು ಬದಲಿಸುತ್ತಿದ್ದಳು.

*

ಆ ಸೋಮವಾರ ಬೆಳಿಗ್ಗೆ ಆರು ಗಂಟೆ. ಆಕೆ ಡ್ಯೂಟಿಗೆ ಹೊರಡುವ ಗಡಿಬಿಡಿಯಲ್ಲಿ ಡಬ್ಬಿಗೆ ಅವಲಕ್ಕಿ ತುಂಬುತ್ತಿದ್ದಳು. ಟಿವಿಯಲ್ಲಿ ಪ್ಯಾರಿಸ್ಸಿನ ಭಾನುವಾರದ ಫೈನಲ್ ಕೊನೆಯ, ಐದನೇ ಸೆಟ್ಟಿಗೆ ಹೋಗಿತ್ತು.

"ಕಮಲಾ, ಎದಿ ಹಿಡದಂಗಾಗೇದ."

ಪ್ರತಿ ಜೂನಿನಲ್ಲೂ ಐದನೇ ಸೆಟ್ಟು ಬಂದರೆ ಅವನ ಬಾಯಲ್ಲಿ ಇದೇ ಮಾತು. ಆಕೆ ತಿರುಗಿಯೂ ನೋಡಲಿಲ್ಲ.

"ಸ್ಕೋರ್ ಎಷ್ಟಾತು?"

ಅವನು ಹೇಳಿದ. ಆಕೆ ಬಸ್ಸು ಹಿಡಿದಳು. ಎದೆ ಹಿಡಿದಿದೆ ಎಂದು ಅಂದು ವಾರ್ಡಿಗೆ ಬಂದವರಿಗೆಲ್ಲ ನಿಂತ ಕಾಲಲ್ಲಿ ಇಸಿಜಿ ಮಾಡಿದಳು. ಸಂಜೆ ಬಂದರೆ ಟಿವಿ ಇನ್ನೂ ನಡೆದಿತ್ತು, ಅವನು ತಣ್ಣಗಾಗಿದ್ದ.

*

ಶವಸಂಸ್ಕಾರಕ್ಕೆ ರಿಕ್ಕರ್ಟನ್ ಬಡಾವಣೆಯಿಂದ ಬಂದಿದ್ದ ಮಗಳು ನಿಖಿತಾ ನೋಟುಬುಕ್ಕು ತೆರೆದು ಮುಚ್ಚಿದಳು. ಇಲ್ಲೇ ಹುಟ್ಟಿದವಳಿಗೆ ಕನ್ನಡ ಕಿವಿಗೆ ಮಾತ್ರ ಗೊತ್ತು.

"ಯೂ ರೀಡ್ ಇಟ್, ಅಮ್ಮಾ." ಆಮೇಲೆ ಮೆಲ್ಲಗೆ, "ಡಿಡ್ ಹಿ ಸೇ ಎನಿಥಿಂಗ್ ದಟ್ ಮಾರ್ನಿಂಗ್?"

"ಇಲ್ಲವ್ವಾ," ಎಂದುಬಿಟ್ಟಳು ಕಮಲಾ.

ವೇದಿಕೆ ಹತ್ತಿ ಮೈಕಿನ ಮುಂದೆ ನಿಂತು ಕೈಗೆ ಬಂದ ಪುಟ ಓದತೊಡಗಿದಳು. ಇಷ್ಟು ವರ್ಷದಲ್ಲಿ ಅವಳು ಓದಿದ ಮೊದಲ ಪುಟ ಅದು.

"ಎರಡನೇ ಮಹಾಯುದ್ಧ ಶುರುವಾದಾಗ ಆ ಕ್ರೀಡಾಂಗಣವನ್ನೇ ಸೆರೆಮನೆ ಮಾಡಿದರು. ಹೊರದೇಶದವರನ್ನು ಹಿಡಿದು ತಂದು ಮೆಟ್ಟಿಲುಗಳ ಕೆಳಗೆ ಒಣಹುಲ್ಲಿನ ಮೇಲೆ ಮಲಗಿಸಿದರು. ಗೆದ್ದವರ ಪಟ್ಟಿಯಲ್ಲಿ ಇದು ಬರುವುದಿಲ್ಲ. ನಾನೂ ಬರೆಯದೆ ಬಿಟ್ಟರೆ ಈ ಚರಿತ್ರೆ ಸುಳ್ಳಾಗುತ್ತದೆ."

ಓದು ಅಲ್ಲಿಗೇ ನಿಂತಿತು. ಕಮಲಾ ಮಗಳನ್ನೇ ನೋಡಿದಳು.

"ಎದಿ ಹಿಡದದ ಅಂದಿದ್ರು, ನಿಖಿತಾ. ನಾ ಸ್ಕೋರ್ ಕೇಳಿದೆ. ಕೇಳಿ ಡ್ಯೂಟಿಗೆ ಹೋದೆ."

ಶಾಂತಾ ತಲೆ ತಗ್ಗಿಸಿದಳು. ನಿಖಿತಾ ಎದ್ದು ನಿಂತಳು. ಹತ್ತಿರ ಬರಲಿಲ್ಲ, ಕೂರಲೂ ಇಲ್ಲ.

ಕಮಲಾ ಕೆಳಗಿಳಿದು ಪೆಟ್ಟಿಗೆಯ ಬಳಿ ಹೋದಳು. ಗಂಡನ ಅಂಗಿಯ ತೋಳು ಮೇಲೆ ಸರಿಸಿ, ಮಣಿಕಟ್ಟಿನ ನಾಡಿಯ ಮೇಲೆ ಮೂರು ಬೆರಳಿಟ್ಟು, ಗೋಡೆಯ ಗಡಿಯಾರದ ಸೆಕೆಂಡಿನ ಮುಳ್ಳು ನೋಡುತ್ತ ನಿಂತಳು, ಪೂರ್ತಿ ಒಂದು ನಿಮಿಷ.