ಮೊದಲ ಟೈಲಿನ ಗಾಳಿ

ಪ್ಲೊವ್‌ದಿವ್ ನಗರದ ನಮ್ಮ ಡೇಟಾ ಸೆಂಟರಿನಲ್ಲಿ ನಾವು ಓಡಾಡುವ ನೆಲದ ಕೆಳಗೆ ಇನ್ನೊಂದು ನೆಲವಿದೆ. ನಡುವಿನ ಟೊಳ್ಳಿಗೆ ಕೂಲಿಂಗ್ ಯಂತ್ರಗಳು ತಣ್ಣನೆಯ ಗಾಳಿ ನೂಕುತ್ತವೆ. ಅದು ತೂತಿನ ಟೈಲುಗಳಿಂದ ಮೇಲೆದ್ದು ಸರ್ವರುಗಳನ್ನು ತಣಿಸುತ್ತದೆ. ಯಾವ ಟೈಲಿನಿಂದ ಎಷ್ಟು ಗಾಳಿ ಬರುತ್ತದೆಂದು ಕಂಪ್ಯೂಟರಿನಲ್ಲಿ ಮಾದರಿ ಕಟ್ಟಿ ಮೊದಲೇ ಹೇಳುವುದು ನನ್ನ ಕೆಲಸ.

ಆ ಬೆಳಿಗ್ಗೆ ಹೊಸ ಸರ್ವರುಗಳು ಬಂದಿದ್ದವು, ವಿಪರೀತ ಬಿಸಿಯಾಗುವಂಥವು. ಸರ್ವರ್ ಕೋಣೆಯ ಮುಖ್ಯಸ್ಥ ಸ್ತಾಮೆನ್ ಅವನ್ನು ಕೂಲಿಂಗ್ ಯಂತ್ರದ ಪಕ್ಕದಲ್ಲೇ ಇಡಿಸಲು ನಿಂತಿದ್ದರು. ಅಲ್ಲಿಟ್ಟರೆ ಕೆಡುತ್ತವೆ ಎನ್ನುತ್ತಿತ್ತು ನನ್ನ ಮಾದರಿ. ಅದರ ಮಾತನ್ನು ಇವತ್ತು ಕೇಳದವರು ಮುಂದೆಂದೂ ಕೇಳಲಾರರು.

"ಸ್ತಾಮೆನಣ್ಣ, ಬಹುಶಃ ಆ ಮೊದಲನೇ ಟೈಲಲ್ಲಿ ಗಾಳಿ ಮೇಲಕ್ಕೆ ಬರಲ್ಲ. ಕೆಳಕ್ಕೆ ಎಳ್ಕೊಳ್ಳುತ್ತೆ."

"ಬಂದ್ಲಪ್ಪ ಬಹುಶಃ ಮೇಡಂ!" ಎಂದು ನಕ್ಕರು. ಮಾತಿಗೊಮ್ಮೆ 'ಬಹುಶಃ' ಎನ್ನುವ ನನಗೆ ಅವರಿಟ್ಟ ಹೆಸರದು. "ಅಲ್ಲ ನೆವೆನಾ, ಯಂತ್ರದ ಬಾಯಲ್ಲೇ ತಂಪಿಲ್ಲ ಅಂದ್ರೆ ಇನ್ನೆಲ್ಲಮ್ಮಾ ಇರುತ್ತೆ?"

"ಅಲ್ಲಿ ಗಾಳಿ ತುಂಬಾ ಜೋರಾಗಿ ಓಡುತ್ತೆ. ಓಡೋ ಭರದಲ್ಲಿ ಮೇಲಿರೋದನ್ನೂ ಸೆಳ್ಕೊಂಡು ಹೋಗುತ್ತೆ. ಮುಂದೆ ವೇಗ ತಗ್ಗಿದ ಮೇಲೇ ಮೇಲೇಳೋದು."

"ನೆಲದಡಿ ಇಣುಕಿ ನೋಡಿದ್ಯಾ?"

"ಇಲ್ಲ. ಲೆಕ್ಕ ಹಾಕಿದೀನಿ."

ಸರ್ವರು ಹೊತ್ತು ತಂದವರೂ ನಕ್ಕರು. ಗಾಳಿ ಅಳೆಯುವ ಉಪಕರಣ ರಿಪೇರಿಗೆ ಹೋಗಿತ್ತು. ನನ್ನ ಕಣ್ಣು ಮಣಿಕಟ್ಟಿನ ಮೇಲೆ ಬಿತ್ತು. ಮಾರ್ಚ್ ಶುರುವಾಗಿತ್ತು; ನಮ್ಮೂರ ರೂಢಿಯಂತೆ ಎಲ್ಲರ ಕೈಯಲ್ಲೂ ಕೆಂಪು-ಬಿಳಿ ಉಣ್ಣೆದಾರವಿತ್ತು. ವರ್ಷದ ಮೊದಲ ಕೊಕ್ಕರೆಯನ್ನೋ ಹೂಬಿಟ್ಟ ಮರವನ್ನೋ ಕಾಣುವ ತನಕ ಅದನ್ನು ತೆಗೆಯುವಂತಿಲ್ಲ. ನಾನು ಗಂಟು ಬಿಚ್ಚಿದೆ.

"ಅಯ್ಯೋ, ಕೊಕ್ಕರೆ ಎಲ್ಲಿ ಕಂಡ್ಯೇ?" ಈ ಸಲ ಸ್ತಾಮೆನ್ ನಗಲಿಲ್ಲ.

ಮೊದಲು ನಡುಸಾಲಿನ ಟೈಲಿನ ಮೇಲೆ ಹಿಡಿದೆ. ದಾರ ಪಟಪಟನೆ ಮೇಲಕ್ಕೆ ಹಾರಾಡಿತು. ಆಮೇಲೆ ಯಂತ್ರದ ಪಕ್ಕದ ಟೈಲಿನ ಮುಂದೆ ಮಂಡಿಯೂರಿದೆ. ಎಲ್ಲೋ ಒಂದು ಸಂಖ್ಯೆ ತಪ್ಪಿದ್ದರೆ? ದಾರವನ್ನು ತೂತುಗಳ ಮೇಲೆ ಅಡ್ಡ ಮಲಗಿಸಿ ಕೈ ಬಿಟ್ಟೆ.

ಅದು ಹಾರಲಿಲ್ಲ. ಮೆಲ್ಲಗೆ ಬಾಗಿ, ಯಾರೋ ಕೆಳಗಿಂದ ಎಳೆದಂತೆ ಸರಕ್ಕನೆ ತೂತಿನೊಳಗೆ ಇಳಿದುಹೋಯಿತು.

ಸ್ತಾಮೆನ್ ಟೈಲೆತ್ತಿ ಕೆಳಗೆ ಟಾರ್ಚು ಬಿಟ್ಟರು. ದಾರ ಅಲ್ಲಿರಲಿಲ್ಲ.

"ಹೋಯ್ತಲ್ಲ! ಈಗೆಲ್ಲಿದೆ ಅನ್ನುತ್ತೆ ನಿನ್ನ ಲೆಕ್ಕ?"

ಕಣ್ಮುಚ್ಚಿದೆ. ತಿಂಗಳುಗಟ್ಟಲೆ ಪರದೆಯ ಮೇಲೆ ನೋಡಿದ್ದ ಆ ಗಾಳಿಯ ದಾರಿ ನನಗೆ ಬಾಯಿಪಾಠವಾಗಿತ್ತು. ಅದು ನೇರ ಓಡಿ, ಕಂಬದ ಬಳಿಯ ದಪ್ಪ ಕೇಬಲ್ ಕಂತೆಗೆ ಬಡಿದು, ಎಡಕ್ಕೆ ತಿರುಗುತ್ತಿತ್ತು.

"ಕೇಬಲ್ ಕಂತೆಗೆ ಸಿಕ್ಕಿಕೊಂಡಿದೆ. ಆ ಕಂಬದ ಪಕ್ಕದ ಟೈಲೆತ್ತಿ."

'ಬಹುಶಃ' ಬಿಟ್ಟುಹೋಗಿದ್ದು ಹೇಳಿದ ಮೇಲೆ ಗೊತ್ತಾಯಿತು.

ಸ್ತಾಮೆನ್ ಎತ್ತಿದರು, ತೋಳು ಇಳಿಬಿಟ್ಟರು. ಬೆರಳ ತುದಿಯಲ್ಲಿ ಕೆಂಪು-ಬಿಳಿ ದಾರ ಮೇಲೆ ಬಂತು. ಧೂಳು ಊದಿ, ನನ್ನ ಕೈ ಎಳೆದು ಕಟ್ಟತೊಡಗಿದರು.

"ಕೊಕ್ಕರೆ ಕಾಣೋವರ್ಗೂ ಮುಟ್ಟಬೇಡ ಇದನ್ನ." ಗಂಟು ಬಿಗಿಯುತ್ತಲೇ ಹಿಂದಿದ್ದವರಿಗೆ ಕೂಗಿ ಹೇಳಿದರು: "ಅಲ್ಲಲ್ರೋ, ಅಲ್ಲಿ ಇಳಿಸ್ಬೇಡಿ! ಮೇಡಂ ಎಲ್ಲಿ ತೋರಿಸ್ತಾರೋ ಅಲ್ಲಿಗೆ ತಗೊಂಡ್ಹೋಗಿ."

ನಾನು ನಡುಸಾಲಿನತ್ತ ಮುಂದೆ ನಡೆದೆ. ಹಿಂದೆ ಸರ್ವರುಗಳ ಗಾಡಿ ಉರುಳಿ ಬರುವ ಸದ್ದು ಕೇಳುತ್ತಿತ್ತು.