ಲೋಕವೀರನ ಹದ್ದು

ಸಂಗಪ್ಪನ ಲೋಕವೀರನಿಂದ ಆಗದ ಕೆಲಸವೇ ಇರಲಿಲ್ಲ; ತೊಂದರೆ ಶುರುವಾದದ್ದೂ ಅದರಿಂದಲೇ. ಅವನು ಹಾರುತ್ತಿದ್ದ, ಗುಡ್ಡ ಕೀಳುತ್ತಿದ್ದ, ಬಂದರಿನ ಹಡಗನ್ನು ತಂಬಿಗೆಯಂತೆ ಎತ್ತಿ ಪಕ್ಕಕ್ಕಿಡುತ್ತಿದ್ದ. ಕುರ್ಲಾದ ಸಣ್ಣ ಪ್ರೆಸ್ಸಿನಿಂದ ಹೊರಡುವ ಕನ್ನಡ ವಾರಪತ್ರಿಕೆಯಲ್ಲಿ ಸಂಗಪ್ಪ ಬರೆಯುತ್ತಿದ್ದ ಈ ಸಾಹಸಗಳು ಧಾರಾವಾಹಿಯಾಗಿ ಬರುತ್ತಿದ್ದವು. ಧಾರವಾಡದಲ್ಲಿ ಬಿ.ಎ. ಮುಗಿಸಿ ಮುಂಬಯಿಗೆ ಬಂದ ಸಂಗಪ್ಪ ಇಲ್ಲಿ ಇನ್ನೂ ಒಂದು ಮಳೆಗಾಲವನ್ನೂ ಕಂಡಿರಲಿಲ್ಲ. ಫೋರ್ಟಿನ ಆಫೀಸಿನಲ್ಲಿ ಅವನು ಬರೀ ‘ಏ ಮದ್ರಾಸಿ’. ಅವನಿಗೆ ಹೆಸರು ಅಂತ ಇದ್ದದ್ದು ಆ ಒಂದು ಪುಟದಲ್ಲಿ ಮಾತ್ರ.

“ನಿನ್ನ ಲೋಕವೀರ ಗುಡ್ಡಾ ಎತ್ತಿದ, ಬರೂ ವಾರ ಹಡಗಾ ಎತ್ತತಾನ,” ಎಂದರು ಸಂಪಾದಕ ಶೆಟ್ಟೆಪ್ಪನವರು, ಶಾಯಿ ಮೆತ್ತಿದ ಕೈಯಿಂದ ಚಹಾದ ಬಶಿ ಎತ್ತುತ್ತ. “ಓದೂ ಮಂದಿ ಮಾತ್ರ ಪೇಪರ್ ಎತ್ತವಲ್ರು. ಇಂವಾ ಸೋಲೂದಿಲ್ಲಂತ ಎಲ್ಲಾರಿಗೂ ಗೊತ್ತಾಗೇದ. ಅವಂಗೊಂದು ಹದ್ದು ಹಾಕು.”

“ಹದ್ದು ಯಾಕ್ರಿ ಸಾಹೇಬ್ರ? ಹಾರೂ ಮನಷ್ಯಾ, ಮ್ಯಾಲೆ ಬೇಕಾದಷ್ಟು ಹದ್ದು ಸಿಗತಾವು.”

“ಹಲ್ಲು ಕಿಸೀಬ್ಯಾಡ ತಮ್ಮಾ. ಮಿತಿ ಹಾಕು ಅಂದೆ. ನಂಬೂ ಹಂಗ ಇರಬೇಕು. ಶನಿವಾರ ತಂದುಕೊಡು. ಇಲ್ಲಾಂದ್ರ ಆ ಜಾಗಾದಾಗ ಉಪ್ಪಿನಕಾಯಿ ಮಾಡೂ ರೀತಿ ಹಾಕತೀನಿ. ಬೆಳಗಾವಿ ಬಾಯಾರೊಬ್ರು ಛಲೋ ಬರದು ಕಳಿಸ್ಯಾರ.” ಬಶಿ ಕೆಳಗಿಟ್ಟು, “ಗಿರಗಾಂವದ ಪೇಪರ್ ನೋಡಿಯೇನು? ಅವರೂ ಒಬ್ಬನ್ನ ಹಾರಸಾಕತ್ಯಾರ. ಅವನೂ ಹಡಗ ಎತ್ತಿದ,” ಎಂದರು.

ಸಂಗಪ್ಪನ ನಗು ಅಲ್ಲಿಗೆ ಆರಿತು. ಅವನ ಹಡಗಿನ ಕಂತು ಇನ್ನೂ ಅಚ್ಚಿನ ಮೊಳೆಯಲ್ಲಿತ್ತು. ಗಿರಗಾಂವದವರದು ಆಗಲೇ ಬೀದಿಯಲ್ಲಿತ್ತು. ಹೇಳಿದವರು ಯಾರು?

ಚಾಳಿನ ಖೋಲಿಗೆ ಬಂದು ಕೂತಾಗ ಅವನ ಕಣ್ಣು ತಾನಾಗಿಯೇ ನಡುವಿನ ಹಲಗೆಯ ಗೋಡೆಗೆ ಹೋಯಿತು. ಸಂಗಪ್ಪ ಬರೆಯುತ್ತಿದ್ದದ್ದು ಕೈಯಿಂದಾದರೂ ಕತೆ ಹೊರಡುತ್ತಿದ್ದದ್ದು ಬಾಯಿಂದ. ಖಳನಿಗೆ ಒಡಕು ಗಂಟಲು, ವೀರನಿಗೆ ತನ್ನ ಹೈಸ್ಕೂಲಿನ ಹೆಡ್ ಮಾಸ್ತರರ ದನಿ, ರಾಜಕುಮಾರಿಗೆ ಕುರ್ಲಾದ ಮೀನಿನವಳ ಕೀರಲು, ಎಲ್ಲವನ್ನೂ ನಟಿಸಿ ನೋಡದೆ ಒಂದು ಸಾಲೂ ಇಳಿಯುತ್ತಿರಲಿಲ್ಲ. ಹಲಗೆಯ ಆಚೆ ಇದ್ದವರು ದೂಜ, ಸೇವಂತಿ ದಂಪತಿಗಳು. ಉಡುಪಿ ಕಡೆಯವರು. ದೂಜ ಹತ್ತಿರದ ಹೋಟೆಲಿನಲ್ಲಿ ದೋಸೆ ಹಿಟ್ಟು ರುಬ್ಬುವವನು. ರುಬ್ಬುವ ಕಲ್ಲನ್ನು ಒಬ್ಬನೇ ಎತ್ತುವ ಆಳು. ಗಿರಗಾಂವದ ಪತ್ರಿಕೆಯವರು ಕುರ್ಲಾಕ್ಕೆ ಬಂದಾಗಲೆಲ್ಲ ಆ ಹೋಟೆಲಿಗೇ ಹೋಗುತ್ತಾರೆಂದು ಸಂಗಪ್ಪ ಕೇಳಿದ್ದ.

ಆ ಸಂಜೆ ಅವನು ಬಾಯಿ ಮುಚ್ಚಿಕೊಂಡು ಬರೆಯಲು ಕೂತ. ಅಮಾವಾಸ್ಯೆಯ ದಿನ ವೀರನ ಶಕ್ತಿ ಹೋಗುತ್ತದೆ ಎನ್ನೋಣವೇ? ಖಳ ಪಂಚಾಂಗ ನೋಡಿದರೆ ಮುಗಿಯಿತು. ಹುಣಸೆಹುಳಿ ತಾಗಿದರೆ ಶಕ್ತಿ ಹೋಗುತ್ತದೆ ಎಂದರೆ? ಸಾಂಬಾರು ಬಿಟ್ಟು ಮುಂಬಯಿಯಲ್ಲಿ ಯಾವ ಕನ್ನಡ ವೀರ ಬದುಕಿಯಾನು!

ಆಗ ಹಲಗೆಯ ಆಚೆ ಸೇವಂತಿಯ ದನಿ ಕೇಳಿಸಿತು. “ಬಲೆ… ಬಲೆ…”

ಧಡ್! ಗೋಡೆ ನಡುಗಿತು.

“ಆಪುಜಿ,” ಎಂದ ದೂಜ.

ಸಂಗಪ್ಪನ ಲೇಖನಿ ನಿಂತಿತು. ಗಂಡ ಹೆಂಡತಿ ತುಳು ಆಡುತ್ತಾರೆಂದು ಅವನಿಗೆ ಗೊತ್ತಿತ್ತು, ತುಳು ಮಾತ್ರ ಗೊತ್ತಿರಲಿಲ್ಲ. ಆದರೆ ಬಲೆ ಅಂದರೆ ಬಲೆಯೇ ತಾನೆ? ಯಾರಿಗೆ ಹಾಕುವ ಬಲೆ? ಮತ್ತೆ ಈ ‘ಆಪ್ ಜೀ’ ಯಾರು? ಯಾರೋ ಹಿಂದಿಯ ದೊಡ್ಡ ಮನುಷ್ಯ ಒಳಗೆ ಕೂತಿರಬೇಕು. ಬಲೆ, ಧಡ್, ಆಪ್ ಜೀ ಮತ್ತೆ ಮತ್ತೆ ನಡೆಯಿತು. ಆಪ್ ಜೀ ಮಾತ್ರ ಒಂದು ಸಲವೂ ಬಾಯಿ ಬಿಡಲಿಲ್ಲ. ಬಾಯಿ ಬಿಡದವನ ಮೇಲೆ ಸಂಗಪ್ಪನ ಗುಮಾನಿ ಇನ್ನೂ ಹೆಚ್ಚಾಯಿತು. ಹಲಗೆಗೆ ಕಿವಿ ಹಚ್ಚಿ, ಅಭ್ಯಾಸಬಲದಿಂದ, ಸೇವಂತಿಯ ‘ಬಲೆ’ಯನ್ನು ಅವಳ ರಾಗದಲ್ಲೇ ತುಟಿಯೊಳಗೆ ಆಡಿಕೊಂಡ.

ಮರುದಿನ ನಳದ ಹತ್ತಿರ ಗಂಡ ಹೆಂಡತಿ ಸಿಕ್ಕಾಗ ಕೇಳಿಯೇಬಿಟ್ಟ. “ಏನ್ ದೂಜಣ್ಣಾ, ಒಳಗ ಧಡ್ ಧಡ್ ಅಂತಿತ್ತು?”

ದೂಜ ಹೆಂಡತಿಯ ಮುಖ ನೋಡಿದ. “ಎಂತ ಇಲ್ಲ ಮಾರಾಯ್ರೆ. ಇಲಿ.”

ಇಲಿಗೆ ಬೋನು ಇಡುತ್ತಾರೆ. ಬಲೆ ಯಾರು ಬೀಸುತ್ತಾರೆ? ಸಂಗಪ್ಪನ ಸಂಶಯ ಗಟ್ಟಿಯಾಯಿತು.

ಶುಕ್ರವಾರ ಸಂಜೆ ಆಚೆಯಿಂದ ಅವನಿಗೆ ಅರ್ಥವಾದ ಪದ ಒಂದೇ: ಸ್ಟೇಷನ್. ಶನಿವಾರ ಬೆಳಿಗ್ಗೆ ಗಂಡ ಹೆಂಡತಿ ಒಗೆದ ಬಟ್ಟೆ ಉಟ್ಟು ಹೊರಟಾಗ, ಉಪ್ಪಿನಕಾಯಿಗೆ ಪುಟ ಬಿಟ್ಟುಕೊಡುವ ಮೊದಲು ಕಳ್ಳನನ್ನಾದರೂ ಹಿಡಿಯೋಣವೆಂದು ಸಂಗಪ್ಪ ಬೆನ್ನು ಹತ್ತಿದ. ಕುರ್ಲಾ ಪ್ಲಾಟ್‌ಫಾರ್ಮಿನ ತೂಕದ ಯಂತ್ರದ ಹಿಂದೆ ಅವಿತು ನಿಂತ.

ದಾದರ್ ಕಡೆಯ ಲೋಕಲ್ ಬಂತು. ಸೇವಂತಿ ಚಂಗನೆ ಹತ್ತಿ, ತಿರುಗಿ ಕೈ ಚಾಚಿದಳು. “ಬಲೆ! ಬಲೆ!” ಕಲ್ಲು ಎತ್ತುವ ಆ ಆಳು ಒಂದು ಕಾಲು ಎತ್ತಿ, ಎತ್ತಿದಲ್ಲಿಂದಲೇ ಇಳಿಸಿದ. “ಆಪುಜಿ.” ಗಾಡಿ ಅಲುಗಿತು. ಸೇವಂತಿ ಕೆಳಗೆ ಧುಮುಕಿದಳು.

ಸಂಗಪ್ಪ ಹೊರಗೆ ಹಾರಿದ. “ಸಿಕ್ಕಿರಿ! ಯಾರಿಗ್ರಿ ಈ ಬಲೆ? ಎಲ್ಲದಾನ ನಿಮ್ಮ ಆಪ್ ಜೀ?”

ಸೇವಂತಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಯಾವ ಜೀಯೂ ಇಲ್ಲ. ಆಪುಜಿ ಅಂದ್ರೆ ಆಗುದಿಲ್ಲ ಅಂತ. ಬಲೆ ಅಂದ್ರೆ ಬನ್ನಿ ಅಂತ. ಇವರಿಗೆ ಪಾರ್ಲೆಯಲ್ಲಿ ಒಳ್ಳೆ ಹೋಟೆಲಲ್ಲಿ ಕೆಲಸ ಸಿಕ್ಕಿದೆ. ಇವತ್ತು ಹೋಗದಿದ್ರೆ ಬೇರೆಯವರನ್ನು ಇಟ್ಕೊಳ್ತಾರೆ. ಲೋಕಲ್ ಹತ್ಲಿಕ್ಕೆ ಹೆದರಿಕೆ! ಅದಕ್ಕೆ ಮನೆಯಲ್ಲಿ ಹೊಸ್ತಿಲನ್ನೇ ಫುಟ್‌ಬೋರ್ಡ್ ಮಾಡಿ ಹತ್ತಿಸಿದ್ದು.”

“ಅಷ್ಟು ದೊಡ್ಡ ಕಲ್ಲು ಎತ್ತತೀರಿ, ರೈಲಿಗೆ ಅಂಜತೀರಿ?”

“ಕಲ್ಲು ಓಡುದಿಲ್ಲ ಮಾರಾಯ್ರೆ,” ಎಂದ ದೂಜ, ನೆಲ ನೋಡುತ್ತ. “ಇವಳು ಕರೆದ್ರೆ ಕಾಲಿಗೆ ಸ್ವಲ್ಪ ಬಲ ಬರ್ತದೆ. ಕರೆಯದಿದ್ರೆ ಅದೂ ಇಲ್ಲ.”

ಅಷ್ಟರಲ್ಲಿ ಮುಂದಿನ ಗಾಡಿ ಬಂತು. ಜನ ನುಗ್ಗಿದರು, ಆ ನೂಕಿನಲ್ಲಿ ಸೇವಂತಿ ಡಬ್ಬಿಯ ಒಳಗೆಲ್ಲೋ ಸೇರಿಹೋದಳು, ಸಂಗಪ್ಪ ಬಾಗಿಲಿನ ಸರಳು ಹಿಡಿದು ನೇತುಬಿದ್ದ. ದೂಜ ಮಾತ್ರ ಪ್ಲಾಟ್‌ಫಾರ್ಮಿನಲ್ಲಿ ನೆಟ್ಟ ಕಂಬ. ಒಳಗಿನಿಂದ ಅವಳು ಕೂಗಿರಬೇಕು. ಗದ್ದಲದಲ್ಲಿ ಯಾರಿಗೆ ಕೇಳಿಸೀತು? ಗಾಡಿ ಅಲುಗುವ ಮೊದಲೇ ಸಂಗಪ್ಪ ಕೈ ಚಾಚಿ, ಸೇವಂತಿಯ ದನಿಯಲ್ಲಿ, ಸೇವಂತಿಯ ರಾಗದಲ್ಲಿ ಕೂಗಿದ: “ಬಲೆ! ಬಲೆ!”

ದೂಜ ಕಣ್ಣು ಮುಚ್ಚಿ ಹಾರಿದ. ಇಳಿದದ್ದು ಸಂಗಪ್ಪನ ಕಾಲಿನ ಹೆಬ್ಬೆರಳ ಮೇಲೆ.

ಹಿಂದಿನ ವಿದ್ಯಾವಿಹಾರದಲ್ಲೇ ಹತ್ತಿದ್ದ ಜನರ ನಡುವೆ ನುಸುಳಿಕೊಂಡು ಸೇವಂತಿ ಬಾಗಿಲಿಗೆ ಬರುವಷ್ಟರಲ್ಲಿ ದೂಜ ಬೆವರು ಒರೆಸುತ್ತ ನಗುತ್ತಿದ್ದ. “ಇವರು ನಿನ್ನ ಹಾಗೇ ಕರೆದ್ರು! ನಿಮ್ಮ ಕತೆ ದಿನಾ ಕೇಳ್ತೇವೆ ಸಂಗಪ್ಪಣ್ಣ. ಹಡಗು ಎತ್ತಿದ್ದನ್ನು ಹೋಟೆಲಿನಲ್ಲಿ ಎಲ್ಲರಿಗೂ ಹೇಳಿದ್ದೇನೆ. ಗಿರಗಾಂವದ ಪೇಪರಿನವರಿಗಂತೂ ಭಾರಿ ಖುಷಿ!”

ಕಳ್ಳನನ್ನು ಹಿಡಿಯಲು ಬಂದ ಸಂಗಪ್ಪ ಸರಳನ್ನೇ ಇನ್ನಷ್ಟು ಗಟ್ಟಿಯಾಗಿ ಹಿಡಿದ. ಈಗ ಸಂಶಯಪಡುವ ಸರದಿ ಸೇವಂತಿಯದು.

“ನನ್ನ ಸ್ವರ ಅಷ್ಟು ಸರಿಯಾಗಿ ನಿಮ್ಮ ಬಾಯಿಗೆ ಹೇಗೆ ಬಂತು? ಹಲಗೆಗೆ ಕಿವಿ ಕೊಟ್ಟು ಕೂತದ್ದು ಯಾರು?”

“ಇಲಿ ಇರಬೇಕ್ರಿ ಅಕ್ಕಾರ,” ಎಂದ ಸಂಗಪ್ಪ.

ಮಧ್ಯಾಹ್ನ ಶನಿವಾರದ ಅರ್ಧ ದಿನದ ಆಫೀಸು ಬಿಟ್ಟವನು, ಅಲ್ಲೇ ಕದ್ದು ಬರೆದ ಹೊಸ ಕಂತು ಹಿಡಿದು ಪ್ರೆಸ್ಸಿಗೆ ಬಂದ. ಮೇಜಿನ ಮೇಲೆ ಉಪ್ಪಿನಕಾಯಿಯ ಪ್ರೂಫು ಆಗಲೇ ಸಿದ್ಧವಾಗಿತ್ತು. ಶೆಟ್ಟೆಪ್ಪನವರು ಒಂದು ಹುಬ್ಬು ಎತ್ತಿಕೊಂಡೇ ಓದಿದರು.

“ಅಂದ್ರ, ಯಾರರೆ ಕರದ್ರಷ್ಟ ಇವನಿಗೆ ಬಲಾ ಬರತದ?”

“ಹೌದ್ರಿ. ಕರೀಲಿಲ್ಲಂದ್ರ ತಂಬಿಗೀನೂ ಏಳೂದಿಲ್ಲ.”

“ಖಳಗ ಇದು ಗೊತ್ತಾದ್ರ?”

“ಗೊತ್ತಾಗೇದ್ರಿ. ಅಂವಾ ಎಲ್ಲಾರ ದನಿ ತಗೀತಾನ. ಕರದದ್ದು ಖರೇನೋ, ಬಲೆನೋ, ಹೋದ ಮ್ಯಾಲನ ತಿಳಿಯೂದು.”

ಶೆಟ್ಟೆಪ್ಪನವರ ಚಹಾದ ಮೇಲೆ ಕೆನೆ ಕಟ್ಟಿತ್ತು. ಅವರು ಕೊನೆಯ ಹಾಳೆಯನ್ನು ತಿರುಗಿಸಿ ಹಿಂಭಾಗ ನೋಡಿದರು; ಅಲ್ಲಿ ಏನೂ ಇರಲಿಲ್ಲ.

“ಕೊನೀಗೆ ಬಾವಿ ಕಡಿಂದ ಲೋಕವೀರನ ತಾಯಿ ಕರಿಯಾಕತ್ಯಾಳಲ್ಲ, ಅದು ತಾಯಿನೋ, ಖಳನೋ?”

ಸಂಗಪ್ಪ ಮುದುಕಿಯೊಬ್ಬಳ ನಡುಗುವ ದನಿಯಲ್ಲಿ, ಬಾಗಿಲಿನ ಕಡೆಯಿಂದ ಬಂದಂತೆ ಮೆಲ್ಲಗೆ ಕರೆದ. “ಬಾರೋ ಮಗಾ…”

ಶೆಟ್ಟೆಪ್ಪನವರು ಥಟ್ಟನೆ ಬಾಗಿಲಿನತ್ತ ತಿರುಗಿದರು. ಯಾರೂ ಇರಲಿಲ್ಲ. ಬಾಗಿಲಿನಿಂದ ಕಣ್ಣು ತೆಗೆಯದೆಯೇ ಅವರು ಉಪ್ಪಿನಕಾಯಿಯ ಪ್ರೂಫನ್ನು ಬಲಗೈಯಿಂದ ಪಕ್ಕಕ್ಕೆ ಸರಿಸಿದರು.

“ಏ, ಹೇಳೋ ತಮ್ಮಾ. ಯಾರದು?”