ಶುಕ್ರವಾರದ ಗೇಟು

ಶುಕ್ರವಾರ ಸಂಜೆ ಐದಕ್ಕೆ ನಾನೂ ಮೊಮ್ಮಗಳು ಗ್ರೀಷ್ಮಾಳೂ ಈ ಕೊಲ್ಲಿ ನಗರದ ಅಲ್ ಹಿಲಾಲ್ ಬಡಾವಣೆಯ ಮನೆಯಿಂದ ಪಾರ್ಕಿಗೆ ನಡೆದು ಬಂದಾಗ, ಗೇಟಿನಲ್ಲಿ ಒಬ್ಬ ಗಂಡಸು ಗಾರ್ಡಿಗೆ ಕೈ ಮುಗಿಯುತ್ತಿದ್ದ. ನನ್ನ ಸೀರೆ ಕಂಡು ಈ ಕಡೆ ತಿರುಗಿದ.

"ಅಮ್ಮಾ, ನೀವು ಊರಿನವರಾ? ಇವನಿಗೆ ಸ್ವಲ್ಪ ಹೇಳಿ. ನನ್ನ ತಂಗಿ ಒಳಗಿದ್ದಾಳೆ."

ಹೆಸರು ಬೋಜ, ಊರು ಬಂಟ್ವಾಳದ ಹತ್ತಿರ, ವಾಸ ಬರ್ವಾ ಅಲ್ ಬರಾಹಾದ ಕಾರ್ಮಿಕರ ವಸತಿಯಲ್ಲಿ. ತಂಗಿ ಚೆನ್ನು ಒಂದು ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವಳು. ಮೊನ್ನೆ ಅವರ ತಾಯಿ ತೀರಿಕೊಂಡಿದ್ದರು.

"ಅವಳಿಗೆ ಗೊತ್ತಿಲ್ಲಮ್ಮಾ. ಫೋನು ಮೇಡಂ ಹತ್ರ ಉಂಟು. ನಾಳೆ ಅವರೊಟ್ಟಿಗೆ ಲಂಡನ್ನಿಗೆ ಹೋಗ್ತಾಳೆ, ಎರಡು ತಿಂಗಳು. ಇದನ್ನು ನಾನೇ ಹೇಳ್ಬೇಕು."

ಗಾರ್ಡ್ ನೇಪಾಳದ ಹುಡುಗ. ಶುಕ್ರವಾರ ಕುಟುಂಬಗಳಿಗೆ ಮಾತ್ರ ಎಂಬ ಬೋರ್ಡು ತೋರಿಸಿದ. ಇವನು ನನ್ನ ಮಗ ಎಂದು ನಾನು ಹಿಂದಿಯಲ್ಲಿ ಸುಳ್ಳು ಹೇಳಿದೆ. ಅವನು ಬೋಜನ ಕಂಪನಿ ಅಂಗಿ ನೋಡಿದ.

"ಅಮ್ಮಾಜೀ, ಮೇಲೆ ಕ್ಯಾಮೆರಾ ಇದೆ. ನನ್ನ ಕೆಲಸ ಹೋಗುತ್ತದೆ."

ಹಾಗೆನ್ನುತ್ತಲೇ ತನ್ನ ನೀರಿನ ಬಾಟಲಿಯನ್ನು ಬೋಜನಿಗೆ ಕೊಟ್ಟ. ಅಷ್ಟರಲ್ಲಿ ಬಿಳಿಯನೊಬ್ಬ ಚಡ್ಡಿ ತೊಟ್ಟು, ಒಬ್ಬನೇ, ಓಡುತ್ತ ಒಳಗೆ ಹೋದ. ಅವನನ್ನು ಯಾರೂ ತಡೆಯಲಿಲ್ಲ. ಗಾರ್ಡ್ ತಲೆ ತಗ್ಗಿಸಿದ.

ಗ್ರೀಷ್ಮಾಳ ಶಾಲೆಯ ಡಿಬೇಟಿಗೆ ಅಮೆರಿಕದ ತೀರ್ಪುಗಳೇ ವಿಷಯ. ನಾನು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸಿದವಳಾದ್ದರಿಂದ ಮಧ್ಯಾಹ್ನವಿಡೀ ಅದನ್ನೇ ಹೇಳಿಕೊಟ್ಟಿದ್ದೆ. ಬಿಳಿಯರಿಗೊಂದು, ಕರಿಯರಿಗೊಂದು ರೈಲು ಡಬ್ಬಿ ಇಟ್ಟರೆ ಸಮಾನತೆಗೆ ಧಕ್ಕೆಯಿಲ್ಲ ಎಂದು 1896ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ಹೇಳಿತ್ತು. ಒಬ್ಬ ನ್ಯಾಯಾಧೀಶ ಮಾತ್ರ ಒಪ್ಪಿರಲಿಲ್ಲ. 1954ರಲ್ಲಿ, ಶಾಲೆಗಳ ಮೊಕದ್ದಮೆಯಲ್ಲಿ, ಅದೇ ಕೋರ್ಟು ಬೇರ್ಪಡಿಸುವುದೇ ಅಸಮಾನತೆ ಎಂದಿತು.

"ಅಜ್ಜೀ, ಇದು ಆ ಟ್ರೇನ್ ಕೇಸ್ ಥರಾನೇ ಅಲ್ವಾ? ಕೋರ್ಟ್ ಅದನ್ನ ಖಲಾಸ್ ಮಾಡ್ತು ಅಂದ್ರಿ!"

"ಅದು ಅಲ್ಲಿ, ಮಗಾ. ಅದಕ್ಕೂ ಐವತ್ತೆಂಟು ವರ್ಷ ಬೇಕಾಯ್ತು."

ಬೋಜ ಬಾಟಲಿ ಕೆಳಗಿಟ್ಟ. "ನನ್ನ ಹತ್ರ ಐವತ್ತೆಂಟು ನಿಮಿಷವೂ ಇಲ್ಲಮ್ಮಾ. ಪ್ರತಿ ಶುಕ್ರವಾರ ಆರಕ್ಕೆ ಇಲ್ಲಿಗೆ ಅವರ ಕಾರು ಬರ್ತದೆ."

ಗಾರ್ಡಿಗೆ ನಮ್ಮ ಮಾತು ಅರ್ಥವಾಗಿರಲಾರದು. ಆದರೂ ರಸ್ತೆಯನ್ನೇ ನೋಡುತ್ತ ಮೆಲ್ಲನೆ ಅಂದ: "ಪಾರ್ಕಿನ ಹಿಂದೆ, ಜೋಕಾಲಿಯ ಹತ್ತಿರ ಕಬ್ಬಿಣದ ಬೇಲಿ ಇದೆ. ಅದರ ಹೊರಗೆ ನಿಲ್ಲಬಾರದೆಂದು ಯಾವ ಬೋರ್ಡೂ ಇಲ್ಲ."

ಬೋಜ ಓಡಿದ. ನಾನು ಒಳಗೆ ಹೋಗಿ ಹೆಸರು ಕೂಗಿ ಚೆನ್ನುವನ್ನು ಹುಡುಕಿದೆ. ಬೇಲಿಯ ಹತ್ತಿರ ನಿನ್ನಣ್ಣ ಬಂದಿದ್ದಾನೆ ಎಂದಷ್ಟೇ ಹೇಳಿ ಮಗುವಿನ ಗಾಡಿ ಹಿಡಿದುಕೊಂಡೆ. ದೊಡ್ಡ ಮಗುವನ್ನು ಗ್ರೀಷ್ಮಾ ಜೋಕಾಲಿಯಲ್ಲಿ ತೂಗಿದಳು.

ಚೆನ್ನು ನಗುತ್ತಲೇ ಹೋದಳು. "ಏನಣ್ಣಾ, ಮಂಗನ ಹಾಗೆ ಕಂಬಿ ಹಿಡ್ಕೊಂಡು! ಅಮ್ಮ ಹೇಗಿದ್ದಾರೆ?"

ಅವನು ಹೇಳಿದ್ದು ನನಗೆ ಕೇಳಿಸಲಿಲ್ಲ. ಅವಳು ನೆಲಕ್ಕೆ ಕೂತುಬಿಟ್ಟದ್ದು ಕಂಡಿತು. ಹಿಡಿಯಲು ಅವನು ಕೈ ತೂರಿಸಿದ. ಕಂಬಿಗಳ ನಡುವೆ ಮೊಣಕೈ ದಾಟಲಿಲ್ಲ. ಅವನ ಬೆರಳು ಅವಳ ನೆತ್ತಿಯನ್ನಷ್ಟೇ ಮುಟ್ಟಿತು. ಮಕ್ಕಳು ಹೆದರಿಯಾರೆಂದು ಶಾಲನ್ನು ಬಾಯಿಗೆ ತುರುಕಿಕೊಂಡು ಅತ್ತಳು.

ಆರಕ್ಕೆ ಮೊದಲೇ ಹಾರ್ನ್ ಕೇಳಿತು. ಚೆನ್ನು ಎದ್ದು ಮುಖ ಒರೆಸಿಕೊಂಡು ಬಂದು, ಗಾಡಿಯ ಹಿಡಿಯಿಂದ ನನ್ನ ಕೈಗಳನ್ನು ಮೆಲ್ಲಗೆ ಬಿಡಿಸಿದಳು.

"ಆಯ್ತಮ್ಮಾ, ಉಪಕಾರ ಆಯ್ತು," ಎಂದಳು.

ಅವಳು ಮಕ್ಕಳನ್ನು ಕರೆದುಕೊಂಡು ಗೇಟು ದಾಟಿದಳು. ನಾನು ಬೇಲಿಯ ಕಡೆ ತಿರುಗಿದೆ. ಬೋಜನ ಕೈ ಮೊಣಕೈವರೆಗೆ ಇನ್ನೂ ಒಳಗೇ ಇತ್ತು.